ಗೋಡೆ ತಣ್ಣಗಿದ್ದರೆ ಒಗ್ಗರಣೆಯನ್ನು ದೂರಬೇಡಿ

ನವೆಂಬರ್ ಬಂತೆಂದರೆ ಇಂಗ್ಲೆಂಡಿನಲ್ಲಿ ಬಾಡಿಗೆಗಿರುವ ಕನ್ನಡದ ಮನೆಗಳಲ್ಲಿ ಎರಡೇ ಮಾತು: ಗ್ಯಾಸ್ ಬಿಲ್ಲು, ಗೋಡೆಯ ಬೂಷ್ಟು. ಬೂಷ್ಟಿನ ಫೋಟೊ ಕಳುಹಿಸಿದರೆ ಏಜೆಂಟರಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಕಿಟಕಿ ತೆರೆದಿಡಿ, ಒಳಗೆ ಬಟ್ಟೆ ಒಣಗಿಸಬೇಡಿ, ಅಡುಗೆ ಕಡಿಮೆ ಮಾಡಿ. ನನಗೂ ಅಂಥದ್ದೊಂದು ಪತ್ರ ಬಂದಾಗ ಮೈ ಉರಿಯಿತು. ಮನೆಗೆ ಬಂದು ಒಮ್ಮೆಯೂ ಗೋಡೆ ಮುಟ್ಟಿ ನೋಡದವರು ನಮ್ಮ ಸಾರು, ಪಲ್ಯದ ಮೇಲೆ ತೀರ್ಪು ಕೊಟ್ಟಿದ್ದರು. ಅದಕ್ಕಿಂತ ಹೆಚ್ಚು ನೋವಾಗುವುದು ನಮ್ಮವರೇ ಆ ಮಾತನ್ನು ನಂಬಿ, ತಪ್ಪು ತಮ್ಮದೇ ಎಂದು ತಲೆ ತಗ್ಗಿಸುವುದನ್ನು ಕಂಡಾಗ.

ನಾವಿರುವುದು ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಯಲ್ಲಿ. ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ, ಅಷ್ಟೆ. 1920ರ ದಶಕದ ನಂತರ ಕಟ್ಟಿದ ಅನೇಕ ಮನೆಗಳಲ್ಲಿ ಗೋಡೆ ಎರಡು ಪದರದ್ದು. ನಡುವೆ ಟೊಳ್ಳಿರುತ್ತದೆ, ಅದರೊಳಗೆ ಶಾಖ ತಡೆಯುವ ಸಾಮಗ್ರಿಯನ್ನು ತುಂಬಬಹುದು. ನಮ್ಮಂಥ ಮನೆಗಳಲ್ಲಿ ಆ ಟೊಳ್ಳೇ ಇಲ್ಲ. ಹೊರಗಿನಿಂದಲೋ ಒಳಗಿನಿಂದಲೋ ಹೊದಿಕೆ ಹಾಕಬೇಕು, ಅದಕ್ಕೆ ಸಾವಿರಾರು ಪೌಂಡ್ ಬೇಕು. ಇಂಥ ಹೊದಿಕೆ (ಇನ್ಸುಲೇಷನ್) ಇಲ್ಲದ ಮನೆಯ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಗೋಡೆಯಿಂದ, ಕಾಲು ಭಾಗ ಚಾವಣಿಯಿಂದ ಹೊರಗೆ ಹೋಗುತ್ತದೆ. ಅಂದರೆ ಮನೆ ಬೆಚ್ಚಗಿಡಲು ನಾವು ತೆರುವ ಹಣದ ಅರ್ಧಕ್ಕಿಂತ ಹೆಚ್ಚು ಬೀದಿಯನ್ನು ಬೆಚ್ಚಗಿಡುವುದಕ್ಕೇ ಸರಿಹೋಗುತ್ತದೆ.

ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವಂತೆಯೇ ಈ ಗೋಡೆಗಳು ಒಳಗಡೆ ಬೆವರುತ್ತವೆ. ಒಂದು ಜನವರಿಯಲ್ಲಿ ಮಲಗುವ ಕೋಣೆಯ ಹೊರಗೋಡೆಗೆ ಒತ್ತಿ ನಿಲ್ಲಿಸಿದ್ದ ಬೀರುವನ್ನು ಎಳೆದೆವು. ಹಿಂಬದಿಯ ಹಲಗೆ ನೀರು ಕುಡಿದು ಉಬ್ಬಿತ್ತು. ಗೋಡೆಯ ಮೂಲೆಯಿಂದ ಮೊಣಕಾಲೆತ್ತರದವರೆಗೆ ಕಪ್ಪು ಚುಕ್ಕೆಗಳು ಒತ್ತೊತ್ತಾಗಿ ಹಬ್ಬಿದ್ದವು. ಅಮ್ಮ ಕೊಟ್ಟು ಕಳುಹಿಸಿದ್ದ ರೇಷ್ಮೆ ಸೀರೆಯ ಮಡಿಕೆಯೊಳಗೂ ಅದೇ ಚುಕ್ಕೆ, ಅದೇ ಮುಗ್ಗಲು ವಾಸನೆ. ಅಡುಗೆಮನೆ ಇರುವುದು ಕೆಳಗಡೆ, ಮನೆಯ ಇನ್ನೊಂದು ತುದಿಯಲ್ಲಿ. ಅಲ್ಲಿನ ಗೋಡೆಗೆ ಏನೂ ಆಗಿರಲಿಲ್ಲ.

ಹೊಸ ಬಡಾವಣೆಯಲ್ಲಿರುವ ನನ್ನ ಗೆಳತಿಯ ಮನೆಯಲ್ಲೂ ದಿನಾ ಕುಕ್ಕರ್ ಕೂಗುತ್ತದೆ, ದಿನಾ ಒಗ್ಗರಣೆ ಬೀಳುತ್ತದೆ, ಮಕ್ಕಳ ಬಟ್ಟೆ ಒಳಗೇ ಒಣಗುತ್ತದೆ. ಅವರ ಗೋಡೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ಅಡುಗೆ ಒಂದೇ, ಗೋಡೆ ಬೇರೆ.

ಇದು ಬರೀ ಸ್ವಾಭಿಮಾನದ ಪ್ರಶ್ನೆಯಲ್ಲ. ಮ್ಯಾಂಚೆಸ್ಟರ್ ಬಳಿಯ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನಿಂದಾದ ಉಸಿರಾಟದ ತೊಂದರೆಯೇ ಸಾವಿಗೆ ಕಾರಣ ಎಂದು 2022ರ ವಿಚಾರಣೆಯಲ್ಲಿ ತೀರ್ಮಾನವಾಯಿತು. ತಂದೆ ದೂರು ಕೊಟ್ಟಿದ್ದರು. ಮನೆಯ ಒಡೆತನದ ಸಂಸ್ಥೆ ಸುಡಾನ್‌ನಿಂದ ಬಂದ ಆ ಕುಟುಂಬದ ಜೀವನಶೈಲಿಯೇ ಕಾರಣವೆಂದು ಊಹಿಸಿಕೊಂಡು ಕೂತಿತ್ತು, ಅವರು ಸ್ನಾನ ಮಾಡುವ ರೀತಿಯನ್ನೂ ಅದರಲ್ಲಿ ಎಳೆದು ತಂದಿತ್ತು. ನಮ್ಮಲ್ಲೂ ಬಕೆಟ್ಟು, ಚೊಂಬು ಇಟ್ಟುಕೊಂಡು ಮೀಯುವವರು ಎಷ್ಟು ಜನರಿಲ್ಲ! ಆ ಸುದ್ದಿ ಓದಿದ ದಿನ ಮಗನ ಕೆಮ್ಮು ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ತೇವ ಮತ್ತು ಬೂಷ್ಟನ್ನು ಬಾಡಿಗೆದಾರರ ಜೀವನಶೈಲಿಯ ಮೇಲೆ ಹೊರಿಸಬೇಡಿ ಎಂದು ಬಾಡಿಗೆ ಮನೆಗಳ ದೂರು ವಿಚಾರಿಸುವ ಇಲ್ಲಿನ ವಸತಿ ಓಂಬುಡ್ಸ್‌ಮನ್ 2021ರಲ್ಲೇ ವರದಿ ಕೊಟ್ಟಾಗಿತ್ತು.

ಹಣ ಇರಲಿಲ್ಲವೇ? ಇತ್ತು. ಉಕ್ರೇನ್ ಯುದ್ಧದ ನಂತರ ಗ್ಯಾಸ್ ಬೆಲೆ ಏರಿ, 2022ರ ಅಕ್ಟೋಬರ್‌ನಿಂದ ಸಾಮಾನ್ಯ ಕುಟುಂಬದ ವರ್ಷದ ಗ್ಯಾಸ್, ವಿದ್ಯುತ್ ಬಿಲ್ಲು ಸೇರಿ 3,549 ಪೌಂಡ್ ಆಗಲಿತ್ತು. ಸರ್ಕಾರ ದರವನ್ನು ಹಿಡಿದು ಅದನ್ನು 2,500ರ ಆಸುಪಾಸಿನಲ್ಲಿ ನಿಲ್ಲಿಸಿತು, ಮೇಲೆ ಮನೆಗೆ 400 ಪೌಂಡ್ ಕೊಟ್ಟಿತು. ಆ ಚಳಿಗಾಲ ದಾಟಲು ಅದು ಬೇಕೇ ಬೇಕಿತ್ತು, ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದರೆ ಆ ಹಣವೆಲ್ಲ ಬಾಯ್ಲರಿನಲ್ಲಿ ಉರಿದುಹೋಯಿತು. ಗೋಡೆ ಹಾಗೇ ಉಳಿಯಿತು. ಗೋಡೆ, ಚಾವಣಿಗೆ ಹೊದಿಕೆ ಹಾಕಿಸುವಂಥ ಕೆಲಸಗಳಿಗೆಂದು 2020ರ ಸೆಪ್ಟೆಂಬರ್‌ನಲ್ಲಿ ತಂದಿದ್ದ ‘ಗ್ರೀನ್ ಹೋಮ್ಸ್ ಗ್ರಾಂಟ್’ ಎಂಬ ಅನುದಾನವನ್ನು 2021ರ ಮಾರ್ಚ್‌ನಲ್ಲೇ ಮುಚ್ಚಿದ್ದರು. ಒಮ್ಮೆ ಹೊದಿಸಿದ ಗೋಡೆ ಹತ್ತಾರು ಚಳಿಗಾಲ ಹಣ ಉಳಿಸುತ್ತದೆ ಎಂಬ ಲೆಕ್ಕ ಹಾಕಲು ಅರ್ಥಶಾಸ್ತ್ರ ಓದಬೇಕಿಲ್ಲ.

ಹಾಗೆಂದು ನಮ್ಮ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಕಿಟಕಿಯ ಮೇಲಂಚಿನ ಗಾಳಿಕಿಂಡಿಗೆ ಚಳಿಯೆಂದು ಟೇಪು ಅಂಟಿಸಬೇಡಿ, ಒಳಗಿನ ಆವಿಗೆ ಅದೇ ದಾರಿ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರವಿಡಿ. ಬಾಗಿಲಿನ ಕೆಳಗೆ, ಅಂಚೆ ಹಾಕುವ ಕಿಂಡಿಗೆ ಬ್ರಷ್ ಪಟ್ಟಿ ಕೂರಿಸಿ, ಖರ್ಚು ಹೆಚ್ಚಿಲ್ಲ. ಎಲ್ಲಕ್ಕಿಂತ ಹೆಚ್ಚು ಲಾಭ ಬಾಯ್ಲರಿನಲ್ಲಿದೆ. ಕಾಂಬಿ ಬಾಯ್ಲರ್ (ಟ್ಯಾಂಕ್ ಇಲ್ಲದೆ ಬೇಕಾದಾಗಲೇ ನೀರು ಕಾಯಿಸುವಂಥದ್ದು) ಇದ್ದರೆ, ರೇಡಿಯೇಟರ್‌ಗೆ ಹೋಗುವ ನೀರಿನ ಉಷ್ಣತೆಯನ್ನು 60 ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿಸಿ. ವಾಪಸು ಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಹೊಗೆಯ ಜೊತೆ ಹೋಗುವ ಶಾಖವನ್ನು ಬಾಯ್ಲರ್ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಬಿಸಿನೀರಿನ ಟ್ಯಾಂಕ್ ಇರುವವರು ಇಷ್ಟು ಇಳಿಸಬೇಡಿ, ರೋಗಾಣು ಬೆಳೆಯದಿರಲು ಟ್ಯಾಂಕಿನ ನೀರಿಗೆ 60 ಡಿಗ್ರಿ ಬೇಕು. ಉಳಿತಾಯದ ಹಟಕ್ಕೆ ಬಿದ್ದು ಕೋಣೆಯನ್ನು 18 ಡಿಗ್ರಿಗಿಂತ ಕೆಳಗೆ ಬಿಡಬೇಡಿ, ಮಕ್ಕಳು, ಊರಿನಿಂದ ಬಂದ ಹಿರಿಯರು ಇದ್ದರಂತೂ ಖಂಡಿತ ಬೇಡ.

ಆದರೆ ಗೋಡೆಯ ಕೆಲಸ ಮನೆ ಮಾಲೀಕರದ್ದು. ತೇವ, ಬೂಷ್ಟಿನ ದೂರಿಗೆ ಮಾಲೀಕರು ಗಡುವಿನೊಳಗೆ ಸ್ಪಂದಿಸಬೇಕೆನ್ನುವ, ಅವಾಬ್ ಹೆಸರಿನ ಕಾನೂನು ಇಂಗ್ಲೆಂಡಿನಲ್ಲಿ 2025ರ ಅಕ್ಟೋಬರ್ 27ರಿಂದ ಜಾರಿಗೆ ಬಂದಿದೆ, ಸದ್ಯಕ್ಕೆ ಸಾಮಾಜಿಕ ವಸತಿಗೆ, ಅಂದರೆ ಕೌನ್ಸಿಲ್ ಮತ್ತು ವಸತಿ ಸಂಸ್ಥೆಗಳು ಬಾಡಿಗೆಗೆ ಕೊಡುವ ಮನೆಗಳಿಗೆ ಮಾತ್ರ. ತುರ್ತು ಅಪಾಯವಾದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ನಮ್ಮಲ್ಲಿ ಹೆಚ್ಚಿನವರು ಖಾಸಗಿ ಬಾಡಿಗೆಯವರು. ಅದಕ್ಕೂ ಇದನ್ನು ಬೇಗ ವಿಸ್ತರಿಸಿ ಎಂದು ನಿಮ್ಮ ಸಂಸದರಿಗೆ ಬರೆಯಿರಿ. ಮನೆಯ ಇಪಿಸಿ, ಅಂದರೆ ಇಂಧನ ದಕ್ಷತೆಯ ಪ್ರಮಾಣಪತ್ರದ ದರ್ಜೆಯನ್ನು ಸರ್ಕಾರಿ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಿ. ವಿನಾಯಿತಿ ಪಡೆಯದೆ ‘ಇ’ಗಿಂತ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ. ಬೂಷ್ಟಿನ ಫೋಟೊವನ್ನು ತಾರೀಕಿನ ಸಮೇತ ಇಮೇಲ್‌ನಲ್ಲೇ ಕಳುಹಿಸಿ, ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ. ಉತ್ತರ ಬಾರದಿದ್ದರೆ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗಕ್ಕೆ ದೂರು ಕೊಡಿ. ಪತ್ರ ಬರೆಯಲು ಹಿಂಜರಿಕೆಯಾದರೆ ನನಗೆ ಸಂದೇಶ ಕಳುಹಿಸಿ, ಜೊತೆಗೆ ಕೂತು ಬರೆಯೋಣ.