ಬಾಂಬು ಸುಣ್ಣ ಹಾಕುವುದಿಲ್ಲ

ಯುದ್ಧಕಾಲದ ಲಂಡನ್ನಿನ ಪತ್ತೇದಾರಿ ಕಾದಂಬರಿ ಯಾವುದನ್ನೇ ಬಿಚ್ಚಿ, ನಾಯಕ ಮಾತ್ರ ಅವನೇ. ಹಿಂದೊಮ್ಮೆ ಪೊಲೀಸಿನಲ್ಲಿದ್ದವನು, ಗುಂಡೇಟು ತಿಂದು ಕುಂಟುವವನು, ಕೋಟಿನ ಕಾಲರು ಮೇಲೆತ್ತಿಕೊಂಡವನು. ಕತ್ತಲ ಬೀದಿಯಲ್ಲಿ ಕಡ್ಡಿ ಗೀರುತ್ತಾನೆ, ಆ ಬೆಳಕಿಗೆ ಹೆಣ ಕಾಣುತ್ತದೆ, ಹೆಣದ ಮುಷ್ಟಿಯಲ್ಲಿ ಕೊಲೆಗಾರನ ಕೋಟಿನ ಗುಂಡಿಯೂ ಕಾಣುತ್ತದೆ. ನಿಜವಾದ ಲಂಡನ್ನಿನಲ್ಲಾಗಿದ್ದರೆ ಕಥೆ ಎರಡನೇ ಪುಟ ದಾಟುತ್ತಿರಲಿಲ್ಲ. ಕಡ್ಡಿ ಹೊತ್ತಿಕೊಳ್ಳುವಷ್ಟರಲ್ಲಿ ಬೀದಿ ಮೂಲೆಯಿಂದ ವಾರ್ಡನ್, ಅಂದರೆ ವಿಮಾನ ದಾಳಿಯ ಕಾವಲಿನವನು, "ದೀಪ ಆರಿಸ್ರೀ!" ಎಂದು ಅರಚುತ್ತಿದ್ದ. ಕೊಲೆಗಾರ ನಿಧಾನವಾಗಿ ಮನೆಗೆ ಹೋಗುತ್ತಿದ್ದ, ಪತ್ತೇದಾರ ಕೋರ್ಟಿಗೆ ಹೋಗಿ ದಂಡ ಕಟ್ಟುತ್ತಿದ್ದ.

ಶತ್ರು ವಿಮಾನಗಳಿಗೆ ಊರು ಕಾಣಬಾರದೆಂದು 1939ರ ಸೆಪ್ಟೆಂಬರ್ 1ರಿಂದ ಅಲ್ಲಿ ಕತ್ತಲೆಯೇ ಕಾನೂನು. ಟಾರ್ಚಿನ ಗಾಜಿಗೆ ಎರಡು ಪದರ ತೆಳು ಕಾಗದ ಕಟ್ಟಬೇಕು, ಬೆಳಕನ್ನು ನೆಲಕ್ಕೇ ಬಿಡಬೇಕು. ಆ ಟಾರ್ಚಿಗೆ ಬೇಕಾದ 8ನೇ ನಂಬರಿನ ಬ್ಯಾಟರಿ ಅಂಗಡಿಗಳಿಂದ ಮಾಯವಾಗಿತ್ತು, ಅದು ಬೇರೆ ಮಾತು. ಕಾರಿನ ದೀಪಕ್ಕೆ ಮುಸುಕು, ಫುಟ್‌ಪಾತಿನ ಅಂಚಿಗೂ ಮರದ ಬುಡಕ್ಕೂ ಬಿಳಿ ಬಣ್ಣ. ಮೊದಲ ತಿಂಗಳಲ್ಲೇ ದೇಶದ ರಸ್ತೆಗಳಲ್ಲಿ ಸತ್ತವರ ಲೆಕ್ಕ ಹಿಂದಿನ ವರ್ಷದ ಅದೇ ತಿಂಗಳಿನ ಸುಮಾರು ಎರಡು ಪಟ್ಟಾಯಿತು. ಲಂಡನ್ನಿನ ಮೇಲೆ ಆಗಿನ್ನೂ ಒಂದು ಬಾಂಬೂ ಬಿದ್ದಿರಲಿಲ್ಲ.

ಇಂಥ ಊರಿನಲ್ಲಿ ಪ್ರತ್ಯಕ್ಷ ಸಾಕ್ಷಿಯನ್ನು ವಿಚಾರಿಸುವ ಸೊಗಸು ನೋಡಿ. "ಕೊಲೆಗಾರನ ಮುಖ ನೋಡಿದಿರಾ?" "ನೋಡಿದೆ." "ಟಾರ್ಚಿನ ಕಾಗದ ತೆಗೆದಿದ್ದಿರಾ?" ತೆಗೆದಿದ್ದೆ ಎಂದರೆ ಸಾಕ್ಷಿಯೇ ಆರೋಪಿ. ಇಲ್ಲ ಎಂದರೆ ಅವನು ನೋಡಿದ್ದು ಬೂಟು ಮಾತ್ರ.

ಸರಿ, ಬೂಟಿನವನನ್ನೇ ಹಿಡಿದು ಗುರುತಿನ ಚೀಟಿ ಕೇಳೋಣವೆಂದರೆ, ನಮ್ಮ ನಾಯಕ ಮಾಜಿ. ಚೀಟಿ ತೋರಿಸು ಎನ್ನುವ ಹಕ್ಕು ಸಮವಸ್ತ್ರ ತೊಟ್ಟ ಪೊಲೀಸಿನವನಿಗೆ, ಇಲ್ಲವೇ ಅದಕ್ಕೆಂದೇ ಅಧಿಕಾರ ಪಡೆದವನಿಗೆ. ಮಾಮೂಲಿ ಕೋಟು ತೊಟ್ಟು ಕುಂಟುವವನಿಗಲ್ಲ. ತೋರಿಸಿದರೂ ಏನು ಬಂತು? ಸಾಮಾನ್ಯರ ಆ ಚೀಟಿಯಲ್ಲಿ ಹೆಸರಿತ್ತು, ವಿಳಾಸವಿತ್ತು, ನಂಬರಿತ್ತು. ಫೋಟೋ ಇರಲಿಲ್ಲ. ಗುರುತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದ್ದ ಗುರುತಿನ ಚೀಟಿ.

ಆದರೆ ಪತ್ತೇದಾರನ ನಿಜವಾದ ಎದುರಾಳಿ ಕತ್ತಲೆಯಲ್ಲ, ಗುಮಾಸ್ತೆ. 1940ರ ಸೆಪ್ಟೆಂಬರ್ 7ರಿಂದ ಸತತ 57 ರಾತ್ರಿ ಬಾಂಬು ಸುರಿದ ಊರಿನಲ್ಲಿ ಹೆಣವೆಂದರೆ ಒಂದು ನಮೂನೆ. ಅವಶೇಷದಡಿ ಸಿಕ್ಕಿತೇ? "ಯುದ್ಧಕಾರ್ಯದಿಂದಾದ ಮರಣ" ಎಂದು ಬರೆದರೆ ಮುಗಿಯಿತು, ಮರಣ ವಿಚಾರಣೆಯೂ ಬೇಡ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಇಲ್ಲಿ ಕೊಲೆಗಾರನಿಗೆ ನೆವ ಆಕಾಶದಿಂದಲೇ ಬೀಳುತ್ತಿತ್ತು, ಅದೂ ಜರ್ಮನ್ ಸರ್ಕಾರದ ಖರ್ಚಿನಲ್ಲಿ.

ಹ್ಯಾರಿ ಡಾಬ್ಕಿನ್ ಎಂಬ ನಿಜವಾದ ಕೊಲೆಗಾರ ನಂಬಿಕೊಂಡಿದ್ದೂ ಇದನ್ನೇ. ಬೇರೆಯಾಗಿ ಬಾಳುತ್ತಿದ್ದ ಹೆಂಡತಿ ರೇಚಲ್ ಜೀವನಾಂಶ ಕೇಳುವುದನ್ನು ಬಿಡಲಿಲ್ಲ, ಅವನು ಕೊಡದೆ ಜೈಲು ಕಂಡಿದ್ದ. 1941ರ ಏಪ್ರಿಲ್‌ನಲ್ಲಿ ಅವಳು ಕಾಣೆಯಾದಳು. ಅವನಿಗೆ ಕೆಲಸ ಲಂಡನ್ನಿನ ವಾಕ್ಸ್‌ಹಾಲ್‌ನಲ್ಲಿ, ಬಾಂಬು ಬಿದ್ದು ಹಾಳಾದ ಬ್ಯಾಪ್ಟಿಸ್ಟ್ ಚಾಪೆಲ್ ಎಂಬ ಕ್ರೈಸ್ತ ಪ್ರಾರ್ಥನಾಮಂದಿರದ ಪಕ್ಕದ ಕಟ್ಟಡದಲ್ಲಿ. ಏನು ಕೆಲಸ? ಬೆಂಕಿ ಬೀಳದಂತೆ ಕಾಯುವುದು. ಅವಳು ಕಾಣೆಯಾದ ನಾಲ್ಕೇ ದಿನಕ್ಕೆ ಚಾಪೆಲ್ಲಿಗೆ ಬೆಂಕಿ ಬಿತ್ತು. ಆ ರಾತ್ರಿ ವಿಮಾನಗಳೇ ಬಂದಿರಲಿಲ್ಲ! ಬೆಂಕಿ ಕಾಯುವವನಿದ್ದೂ ಬೆಂಕಿಯನ್ನು ಮೊದಲು ಕಂಡವನು ಬೀಟಿನ ಪೊಲೀಸಿನವ.

1942ರ ಜುಲೈ 17. ಚಾಪೆಲ್ ಕೆಡವುತ್ತಿದ್ದ ಆಳು ನೆಲಮಾಳಿಗೆಯ ಚಪ್ಪಡಿಯೊಂದನ್ನು ಎತ್ತಿದ. ಕೆಳಗೆ ಎಲುಬು. ಬಾಂಬಿಗೆ ಸಿಕ್ಕವರಿರಬೇಕು, ಇಲ್ಲವೇ ಹಳೇ ಗೋರಿಯಿರಬೇಕು ಎಂದುಕೊಂಡರು. ಗೈಸ್ ಆಸ್ಪತ್ರೆಯ ಶವಪರೀಕ್ಷೆಯ ವೈದ್ಯ ಕೀತ್ ಸಿಂಪ್ಸನ್ ನೋಡದೇ ಹೋಗಿದ್ದರೆ ಯಾವುದೋ ಒಂದು ಕಾಲಂ ತುಂಬಿ ಫೈಲು ಮುಚ್ಚಿರುತ್ತಿತ್ತು. ಸಿಂಪ್ಸನ್ ಮಾಡಿದ್ದಿಷ್ಟು: ಹೆಣಕ್ಕೆ ಹನ್ನೆರಡರಿಂದ ಹದಿನೆಂಟು ತಿಂಗಳ ವಯಸ್ಸು ಎಂದು ಲೆಕ್ಕ ಹಾಕಿದರು. ಚಾಪೆಲ್ಲಿನ ಮೇಲೆ ಬಾಂಬು ಬಿದ್ದದ್ದು 1940ರ ಅಕ್ಟೋಬರ್‌ನಲ್ಲಿ, ಅಂದರೆ 21 ತಿಂಗಳ ಹಿಂದೆ. ಸತ್ತವಳು ಬಾಂಬಿಗಿಂತ ಕಿರಿಯಳು! ತಲೆ ಬೇರೆಯಾಗಿತ್ತು, ಕಾಲಿನ ಕೆಳಭಾಗ ಇರಲಿಲ್ಲ, ಕೆಳದವಡೆ ನಾಪತ್ತೆ. ಬಾಂಬು ಇವನ್ನೆಲ್ಲ ಮಾಡೀತು, ಒಪ್ಪೋಣ. ಆದರೆ ಮಾಡಿದ ಮೇಲೆ ಅಚ್ಚುಕಟ್ಟಾಗಿ ಸುಣ್ಣ ಎರಚಿ, ಚಪ್ಪಡಿ ಮುಚ್ಚಿ ಹೋಗುವ ಬಾಂಬನ್ನು ಹಿಟ್ಲರನ ಕಾರ್ಖಾನೆಯೂ ತಯಾರಿಸಿರಲಿಲ್ಲ.

ಆ ಸುಣ್ಣದಲ್ಲೇ ಡಾಬ್ಕಿನ್ ಎಡವಿದ್ದು. ಸುಣ್ಣ ಹೆಣವನ್ನು ತಿಂದುಬಿಡುತ್ತದೆ ಎಂದು ಊರಿಗೆ ಊರೇ ನಂಬುತ್ತದೆ. ಅವನು ಹಾಕಿದ್ದು ಅರಳಿದ ಸುಣ್ಣ. ಅದು ಹುಳವನ್ನು ದೂರವಿಟ್ಟು, ಕೊಳೆಯುವುದನ್ನು ತಡೆದು, ಗಂಟಲಿನ ಭಾಗವನ್ನು ಹದಿನೈದು ತಿಂಗಳು ಜೋಪಾನವಾಗಿ ಕಾಪಾಡಿತು. ಅಲ್ಲಿ ಥೈರಾಯ್ಡ್ ಮೃದ್ವಸ್ಥಿಯ ಪುಟ್ಟ ಕೊಂಬೊಂದು ಮುರಿದಿತ್ತು, ಸುತ್ತ ರಕ್ತ ಹೆಪ್ಪುಗಟ್ಟಿದ ಕಲೆ. ಜೀವವಿದ್ದಾಗಲೇ ಕತ್ತು ಹಿಸುಕಿದರೆ ಆಗುವ ಗುರುತು ಅದು. ಮೇಲ್ದವಡೆಯ ಹಲ್ಲುಗಳು ರೇಚಲ್‌ಳ ದಂತವೈದ್ಯನ ದಾಖಲೆಗೆ ಹೊಂದಿದವು, ತಲೆಬುರುಡೆಯ ಚಿತ್ರ ಅವಳ ಫೋಟೋದ ಮೇಲೆ ಸರಿಯಾಗಿ ಕೂತಿತು. ಜ್ಯೂರಿಗೆ ಇಪ್ಪತ್ತು ನಿಮಿಷ ಸಾಕಾಯಿತು. 1943ರ ಜನವರಿಯಲ್ಲಿ ಗಲ್ಲು. ಇಷ್ಟರಲ್ಲಿ ಎಲ್ಲೂ ಯಾರೂ ಕಾಲರು ಮೇಲೆತ್ತಿಕೊಂಡು ಕುಂಟಲಿಲ್ಲ. ಮಣ್ಣು ಜರಡಿ ಹಿಡಿದರು, ಅಷ್ಟೇ.

ಈಗ ಮುಖವಾಡದ ವಿಷಯ. 1938ರ ಹೊತ್ತಿಗೇ ಸರ್ಕಾರ 3 ಕೋಟಿ 80 ಲಕ್ಷ ಗ್ಯಾಸ್ ಮಾಸ್ಕ್ ಹಂಚಿತ್ತು. ಊಟ ಮರೆತರೂ ಮಾಸ್ಕ್ ಮರೆಯಬೇಡಿ ಎಂಬ ಉಪದೇಶ. ಯುದ್ಧ ಮುಗಿಯುವವರೆಗೂ ಲಂಡನ್ನಿಗೆ ವಿಷಾನಿಲ ಬರಲಿಲ್ಲ. ಆ ಹೊರೆಯಿಂದ ಕಂಡ ಪ್ರಯೋಜನವೊಂದನ್ನು ಹೇಳಬಹುದು. 1942ರ ಫೆಬ್ರುವರಿಯಲ್ಲಿ ಒಂದೇ ವಾರದೊಳಗೆ ನಾಲ್ವರು ಹೆಂಗಸರ ಕೊಲೆಯಾಯಿತು. ಅದೇ ವಾರ ಇನ್ನೊಬ್ಬಳ ಕತ್ತಿಗೆ ಕೈಹಾಕಿದ್ದಾಗ ಹುಡುಗನೊಬ್ಬ ಅತ್ತ ಬಂದ. ಹಂತಕ ಓಡಿದ, ಮಾಸ್ಕಿನ ಚೀಲ ಉಳಿಯಿತು. ಚೀಲದ ಮೇಲೆ ಸೇನಾ ನಂಬರು 525987. ಮಾಲೀಕ ವಾಯುಪಡೆಯ ಗಾರ್ಡನ್ ಕಮ್ಮಿನ್ಸ್. ಕೊಲೆಗಾರ ತನ್ನ ವಿಳಾಸವನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟು ಹೋಗಿದ್ದರೂ ಪೊಲೀಸರು ಸ್ವಲ್ಪ ತಡವರಿಸಿದರು. ಕಾರಣ, ವಸತಿಯ ರಿಜಿಸ್ಟರು. ಅದರ ಪ್ರಕಾರ ಅವನು ಹೊತ್ತಿಗೆ ಸರಿಯಾಗಿ ಬಂದು ಮಲಗಿದ್ದ. ಒಬ್ಬರಿಗೊಬ್ಬರು ಹಾಜರಿ ಹಾಕಿಕೊಳ್ಳುವ ಗೆಳೆತನ ಬ್ಯಾರಕ್ಕಿನಲ್ಲಿ ಹಳೆಯದು.

ಕೊನೆಗೆ ಬೆರಳಚ್ಚು ಮಾತಾಡಿತು. 1942ರ ಜೂನ್ 25ರಂದು ಅವನನ್ನು ಗಲ್ಲಿಗೇರಿಸಿದರು. ರಿಜಿಸ್ಟರಿನಲ್ಲಿ ಮಾತ್ರ ಆ ರಾತ್ರಿ ಅವನು ಹೊದ್ದು ಮಲಗಿದ್ದಾನೆ, ಸಹಿ ಸಮೇತ.