ಓಡುವ ಕಾರು ತಾನಾಗಿ ಆಫ್ ಆದರೆ ಅದನ್ನು ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಬರೆಸಿ

ಓಡುತ್ತಿರುವ ಕಾರಿನ ಎಂಜಿನ್ ತನ್ನಷ್ಟಕ್ಕೆ ಆಫ್ ಆಗುವುದು ಸಣ್ಣ ಕಂಪ್ಲೇಂಟ್ ಅಲ್ಲ. ಎಸಿ ತಂಪು ಸಾಲದು, ಬಾಗಿಲು ಶಬ್ದ ಮಾಡುತ್ತದೆ ಅನ್ನುವ ಸಾಲಿಗೆ ಅದನ್ನು ಸೇರಿಸಲೇಬಾರದು. ನಮ್ಮ ಕಾಸರಗೋಡಿನ ಕಡೆ ಈ ತೊಂದರೆ ಕಂಡವರು ತುಂಬ ಜನ ಇದ್ದಾರೆ. ಮದುವೆ ಮನೆಯಲ್ಲೋ ಸ್ಟಾಫ್ ರೂಮಿನಲ್ಲೋ ಮಾತು ತೆಗೆದರೆ ಸಾಕು, ಒಬ್ಬೊಬ್ಬರದೂ ಒಂದೊಂದು ಅನುಭವ. ಆದರೆ ಅದರ ಬಗ್ಗೆ ಒಂದು ತುಂಡು ಕಾಗದ ಯಾರ ಕೈಯಲ್ಲೂ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ನನ್ನದು ಗೇರ್ ಇರುವ ಪೆಟ್ರೋಲ್ ಕಾರು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ಆಫ್ ಆಗುತ್ತಿತ್ತು. ಮೊದಲು ಹೀಗಾದದ್ದು ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ, ಉಕ್ಕಿನಡ್ಕ ಕಳೆದು ಪೆರ್ಲದ ಕಡೆ ಬರುವಾಗ. ಅಲ್ಲಿ ಹೇಗೋ ಬದಿಗೆ ಹಾಕಿದೆ. ಆಮೇಲೆ ಹೈವೇಯಲ್ಲಿ, ಉಪ್ಪಳ ದಾಟಿದ ಮೇಲೆ. ಆರ್‌ಪಿಎಂ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿತ್ತು. ಬ್ಯಾಟರಿ ದೀಪ, ಆಯಿಲ್ ದೀಪ ಎರಡೂ ಕೆಂಪಗೆ ಹತ್ತಿಕೊಂಡವು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಏನೂ ಇಲ್ಲ. ಸ್ಟೇರಿಂಗ್ ಗಟ್ಟಿಯಾಯಿತು. ರೇಡಿಯೋ ಮಾತ್ರ ಹಾಡುತ್ತಲೇ ಇತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಮೀನಿನ ಲಾರಿ ಹಾರ್ನ್ ಹೊಡೆಯುತ್ತಾ ಬರುತ್ತಿದೆ. ಹಿಂದಿನ ಸೀಟಿನಲ್ಲಿ ನನ್ನ ಅತ್ತೆ.

ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ರಸ್ತೆಯಲ್ಲಿ ಓಡಾಡುವವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಇಂಥ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲಕ್ಕೆ ಜಾಗ ತೆಗೆದುಕೊಳ್ಳುತ್ತಾರೆ, ಕೇರಳದಲ್ಲಿ 45 ಮೀಟರ್. ವಾಹನಗಳು ಮೊದಲಿಗಿಂತ ಎಷ್ಟೋ ಜೋರಾಗಿ ಬರುತ್ತವೆ. ಎಷ್ಟೋ ಕಡೆ ಬದಿಯಲ್ಲಿ ಕಾಂಕ್ರೀಟ್ ಗೋಡೆ. ಸತ್ತ ಕಾರನ್ನು ಸರಿಸಿ ನಿಲ್ಲಿಸುವುದಾದರೂ ಎಲ್ಲಿ? ಹಳೆಯ ರಸ್ತೆಯಲ್ಲಾದರೆ ಗೂಡಂಗಡಿ ಮುಂದೆ ಮಣ್ಣಿಗೆ ಇಳಿಸಬಹುದಿತ್ತು. ಮಂಗಳೂರಿನ ಆಸ್ಪತ್ರೆಗೆ ರೋಗಿಗಳನ್ನು ಕರೆದುಕೊಂಡು ಹೋಗುವುದೂ ಇದೇ ದಾರಿಯಲ್ಲಿ, ನಮಗೆ ಬೇರೆ ದಾರಿ ಇಲ್ಲ.

ಇಂಥ ಹೊತ್ತಿಗೆ ಏನು ಮಾಡಬೇಕು ಅನ್ನುವುದನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಯಾರೂ ಕಲಿಸಲಿಲ್ಲ. ಹಾಗಾಗಿ ಇಲ್ಲೇ ಬರೆದುಬಿಡುತ್ತೇನೆ. ಮೊದಲು ನಾಲ್ಕೂ ಇಂಡಿಕೇಟರ್ ಹಾಕಿ. ಬ್ರೇಕನ್ನು ಪದೇ ಪದೇ ತುಳಿಯಬೇಡಿ. ಎಂಜಿನ್ ನಿಂತ ಮೇಲೂ ನಮ್ಮ ಕಾಲಿನ ಒತ್ತಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರಿನಲ್ಲಿ ಸ್ವಲ್ಪ ನಿರ್ವಾತ (ವ್ಯಾಕ್ಯೂಮ್) ಉಳಿದಿರುತ್ತದೆ. ಒಂದೆರಡು ಸಲ ತುಳಿದರೆ ಅದೂ ಖಾಲಿ, ಆಮೇಲೆ ಪೆಡಲ್ ಕಲ್ಲಿನ ಹಾಗೆ ಆಗುತ್ತದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸ್ಟೇರಿಂಗ್ ತಿರುಗುತ್ತದೆ, ಆದರೆ ಎರಡೂ ಕೈಯ ಬಲ ಬೇಕು. ಕೀಯನ್ನು ಮಾತ್ರ ಯಾವ ಕಾರಣಕ್ಕೂ ಹೊರಗೆ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಕಾರು ಇನ್ನೂ ಉರುಳುತ್ತಿದ್ದರೆ ನ್ಯೂಟ್ರಲ್‌ಗೆ ಹಾಕಿ ಮತ್ತೆ ಸ್ಟಾರ್ಟ್ ಮಾಡಿ ನೋಡಬಹುದು. ಆಟೋಮ್ಯಾಟಿಕ್ ಆದರೆ ಎನ್‌ಗೆ ಹಾಕಿ. ನಿಂತ ಮೇಲೆ ಎಲ್ಲರೂ ಎಡಬದಿಯಿಂದ ಇಳಿದು ಕಾರಿನಿಂದ ದೂರ ಹೋಗಿ ನಿಲ್ಲಿ. ಕಾರಿನೊಳಗೆ ಕೂತು ಫೋನ್ ಮಾಡುವುದು ಬೇಡವೇ ಬೇಡ. ಹೆದ್ದಾರಿಯ ಸಹಾಯವಾಣಿ 1033. ಅದನ್ನು ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.

ಇನ್ನು ಸರ್ವಿಸ್ ಸೆಂಟರಿನ ವಿಷಯ. ಯಾವುದು ಅಂತ ಹೇಳುವುದಿಲ್ಲ. ಕೌಂಟರಿನ ಹುಡುಗ ಕೇಳಿದ ಮೊದಲ ಪ್ರಶ್ನೆ, "ಪೆಟ್ರೋಲ್ ಎಲ್ಲಿ ಹಾಕಿದ್ದು? ತಲಪಾಡಿಯ ಆಚೆಯಾ?" ಕರ್ನಾಟಕದಲ್ಲಿ ಕಡಿಮೆಗೆ ಸಿಗುತ್ತದೆ ಅಂತ ನಾವೆಲ್ಲ ಅಲ್ಲಿ ಟ್ಯಾಂಕ್ ತುಂಬಿಸುವುದು ನಿಜ. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ? ಎರಡನೆಯ ಮಾತು ಇನ್ನೂ ನೋವಾಗುವಂಥದ್ದು. "ಮೇಡಂ, ನೀವು ಕ್ಲಚ್ ಬೇಗ ಬಿಟ್ಟಿರಬೇಕು." 60ರ ವೇಗದಲ್ಲಿ ನಾಲ್ಕನೇ ಗೇರಿನಲ್ಲಿ ಹೋಗುವವರು ಕ್ಲಚ್ ಮೇಲೆ ಕಾಲೇ ಇಟ್ಟಿರುವುದಿಲ್ಲ. ನನ್ನ ಗಂಡ ಹೋಗಿ ಅದೇ ಮಾತನ್ನು ಹೇಳಿದಾಗ ಅವರಿಗೆ ಕ್ಲಚ್ಚಿನ ಪ್ರಶ್ನೆ ಬರಲಿಲ್ಲ. ಕಾರು ಓಡಿಸುವ ಹೆಂಗಸರೇ, ನಿಮಗೂ ಹೀಗೆ ಆಗಿದೆ ಅಲ್ವಾ?

ಕಾರಿನ ಕಂಪ್ಯೂಟರನ್ನು ಸ್ಕ್ಯಾನ್ ಮಾಡಿದರು. ದೋಷ ತೋರಿಸುವ ಯಾವ ಕೋಡೂ ಇಲ್ಲ, ಹಾಗಾಗಿ ಕಾರಿನಲ್ಲಿ ಏನೂ ತೊಂದರೆ ಇಲ್ಲ ಅಂದರು. ಇದು ತಪ್ಪು ಲೆಕ್ಕ. ಕ್ಷಣಕಾಲ ಕೈಕೊಟ್ಟು ಮತ್ತೆ ಸರಿಯಾಗುವ ಭಾಗ ಎಲ್ಲ ಸಲವೂ ಕೋಡ್ ಬಿಟ್ಟು ಹೋಗುವುದಿಲ್ಲ. ಸಡಿಲವಾದ ಬ್ಯಾಟರಿ ಟರ್ಮಿನಲ್, ಸವೆದ ಇಗ್ನಿಷನ್ ಸ್ವಿಚ್, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ, ಆಗಾಗ ನಿಲ್ಲುವ ಪಂಪು, ಬಿಸಿಯಾದಾಗ ಸಿಗ್ನಲ್ ಕೊಡದ ಸೆನ್ಸರ್, ಇವೆಲ್ಲ ಆ ಜಾತಿಯವು. ಕಾರು ತಣಿದ ಮೇಲೆ ವರ್ಕ್‌ಶಾಪಿಗೆ ತಂದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಆಮೇಲೆ ಜಾಬ್ ಕಾರ್ಡ್, ಅಂದರೆ ನಾವು ಹೇಳಿದ ತೊಂದರೆಯನ್ನು ಅವರು ಬರೆದುಕೊಳ್ಳುವ ಕಾಗದ, ಕೈಗೆ ಬಂತು. ಅದರಲ್ಲಿ ಬರೆದದ್ದು "ಜನರಲ್ ಚೆಕಪ್, ಪಿಕಪ್ ಕಡಿಮೆ" ಅಂತ. ನಾನು ಪಿಕಪ್ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಸಹಿ ಹಾಕದೆ ಅಲ್ಲೇ ಕೂತೆ. ತಿದ್ದಿ ಕೊಡಿ ಅಂದೆ. ಕೊನೆಗೆ "ಓಡುವಾಗ ಎಂಜಿನ್ ಆಫ್ ಆಗುತ್ತದೆ" ಅಂತ ಬರೆದು ಕೊಟ್ಟರು. ಆ ಒಂದು ಸಾಲಿಗಾಗಿ ಅಷ್ಟು ಹೊತ್ತು ವಾದ ಮಾಡಬೇಕಾಯಿತು.

ತೊಂದರೆ ಎಲ್ಲಿ ಅಂತ ಕಂಡುಹಿಡಿದವರು ಸೀತಾಂಗೋಳಿ ಹತ್ತಿರದ ಒಬ್ಬ ಮೆಕ್ಯಾನಿಕ್. ಅವರು ಹೇಳಿದ್ದು ಇಷ್ಟೇ, "ಟೀಚರೇ, ಆಫ್ ಆದ ಕೂಡ್ಲೆ ನಂಗೆ ಫೋನ್ ಮಾಡಿ. ತಣ್ದ ಮೇಲೆ ತಂದ್ರೆ ಅದು ಎಂತದೂ ಹೇಳುದಿಲ್ಲ." ಹಾಗೆ ಆದ ದಿನ ಸ್ಕ್ಯಾನರ್ ಹಿಡಿದುಕೊಂಡು ಬಂದರು. ಸ್ಕ್ಯಾನರ್ ಹಾಕಿ ನನ್ನ ಹತ್ತಿರ ಸೆಲ್ಫ್ ಹೊಡೆಯಲು ಹೇಳಿದರು. ಎಂಜಿನ್ ಗರಗರ ತಿರುಗುವುದು ಕೇಳಿಸುತ್ತಿದೆ, ಆದರೆ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆ. "ಎಂಜಿನ್ ತಿರುಗುದು ಕಂಪ್ಯೂಟರಿಗೆ ಗೊತ್ತೇ ಆಗುದಿಲ್ಲ, ನೋಡಿ" ಅಂತ ತೋರಿಸಿದರು. ಬಾನೆಟ್ ಎತ್ತಿ ಕ್ರ್ಯಾಂಕ್ ಸೆನ್ಸರ್ ಇರುವ ಜಾಗಕ್ಕೆ ಒದ್ದೆ ಬಟ್ಟೆ ಒತ್ತಿ ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ಕಾರು ಸ್ಟಾರ್ಟ್ ಆಯಿತು. ಎಂಜಿನ್ ಯಾವ ಕ್ಷಣದಲ್ಲಿ ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸುವುದೇ ಈ ಸೆನ್ಸರ್. ಅದರ ಸಿಗ್ನಲ್ ತಪ್ಪಿದರೆ ಕಿಡಿ ಯಾವಾಗ ಕೊಡಬೇಕು, ಪೆಟ್ರೋಲ್ ಯಾವಾಗ ಸಿಂಪಡಿಸಬೇಕು ಅನ್ನುವ ಲೆಕ್ಕವೇ ಇಲ್ಲ. ಗೇರಿನಲ್ಲಿ ಉರುಳುತ್ತಿದ್ದ ಕಾರಿನಲ್ಲಿ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದದ್ದೂ ಅದಕ್ಕೇ. ಚಕ್ರದ ಜೊತೆ ಎಂಜಿನ್ ಆಗಲೂ ತಿರುಗುತ್ತಿತ್ತು, ತಿಳಿಸುವವರು ಇರಲಿಲ್ಲ.

ಎಲ್ಲರ ಕಾರಿನಲ್ಲೂ ಇದೇ ಅಂತಲ್ಲ. ಪೆಟ್ರೋಲ್ ಸರಿಯಾಗಿ ಬಾರದಿದ್ದರೆ ಕಾರು ಸಾಮಾನ್ಯವಾಗಿ ಮೊದಲು ತೇಕುತ್ತದೆ, ಎಳೆಯುತ್ತದೆ, ಆಮೇಲೆ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಆಫ್ ಆಗುವುದಾದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕರಿ ಕೂತಿರಬಹುದು. ಡೀಸೆಲ್ ಕಾರಿನವರು ಮಳೆಗಾಲದಲ್ಲಿ ಫಿಲ್ಟರಿನ ನೀರು ತೆಗೆಸಿ. ಟ್ಯಾಂಕ್ ಯಾವಾಗಲೂ ಖಾಲಿ ಅಂಚಿನಲ್ಲಿಟ್ಟು ಓಡಿಸುವವರೂ ಗಮನಿಸಿ, ಟ್ಯಾಂಕಿನೊಳಗಿನ ಪಂಪು ತಂಪಾಗುವುದು ಪೆಟ್ರೋಲಿನಿಂದಲೇ.

ಈಗ ಕಾಗದದ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಕೋಬಾಲ್ಟ್ ಮುಂತಾದ ಸಣ್ಣ ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ ಸಡಿಲ ಇತ್ತು. ಕೀ ಗೊಂಚಲಿನ ಭಾರಕ್ಕೋ ಮೊಣಕಾಲು ತಾಗಿಯೋ ಸ್ವಿಚ್ ಹಿಂದಕ್ಕೆ ಜಾರಿ ಎಂಜಿನ್ ಆಫ್ ಆಗುತ್ತಿತ್ತು. ಅದರ ಜೊತೆಗೆ ಏರ್‌ಬ್ಯಾಗ್ ಕೂಡ ಕೆಲಸ ಮಾಡುತ್ತಿರಲಿಲ್ಲ. ಕಂಪನಿಯೊಳಗೆ ಇದು ವರ್ಷಗಟ್ಟಲೆ ಗೊತ್ತಿತ್ತು. ಆದರೆ ಅವರು ಅದನ್ನು ಸುರಕ್ಷತೆಯ ವಿಷಯ ಅಂತ ನೋಡಲಿಲ್ಲ, ಗ್ರಾಹಕರ ಅನುಕೂಲದ ವಿಷಯ ಅಂತ ವರ್ಗ ಮಾಡಿಟ್ಟರು. 2005ರಲ್ಲಿ ಡೀಲರುಗಳಿಗೆ ಕಳಿಸಿದ ಸೂಚನೆಯಲ್ಲಿ, ಕೀ ಗೊಂಚಲಿನಿಂದ ಭಾರದ ವಸ್ತು ತೆಗೆಯಲು ಹೇಳಿ ಅಂತ ಇತ್ತು. 2006ರಲ್ಲಿ ಸ್ವಿಚ್ಚನ್ನು ಗಟ್ಟಿ ಮಾಡಿದರು, ಆದರೆ ಪಾರ್ಟ್ ನಂಬರ್ ಬದಲಿಸಲಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಅಂತ ಹೊರಗಿನವರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. 2010ರಲ್ಲಿ ಜಾರ್ಜಿಯಾದಲ್ಲಿ ಒಬ್ಬ ನರ್ಸ್ ತೀರಿಕೊಂಡರು. ಓಡುವಾಗ ಕಾರು ಆಫ್ ಆಗುತ್ತದೆ ಅಂತ ಆಕೆ ಅದಕ್ಕೆ ಸ್ವಲ್ಪ ದಿನ ಮೊದಲಷ್ಟೇ ಡೀಲರ್ ಹತ್ತಿರ ತೋರಿಸಿಕೊಂಡು ಬಂದಿದ್ದರು. ಆಕೆಯ ಮನೆಯವರು ಹಾಕಿದ ಕೇಸಿನಿಂದ ಸ್ವಿಚ್ಚಿನ ಕಥೆ ಹೊರಬಂತು. 2014ರಲ್ಲಿ ಆ ಸ್ವಿಚ್ಚಿಗಾಗಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿದರು. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124.

"ಪಿಕಪ್ ಕಡಿಮೆ" ಅಂತ ಬರೆದ ಆ ಜಾಬ್ ಕಾರ್ಡ್ ನೋಡಿದಾಗ ನನಗೆ ಭಯವಾದದ್ದು ಇದಕ್ಕೇ. ಅಲ್ಲೂ ಶುರುವಾದದ್ದು ಹೀಗೆಯೇ.

ನಮ್ಮ ದೇಶದಲ್ಲೂ ಇಂಥ ರೀಕಾಲ್ ಆಗಿವೆ. 2020ರ ಜುಲೈಯಲ್ಲಿ ಮಾರುತಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಕಾರುಗಳನ್ನು ಪೆಟ್ರೋಲ್ ಪಂಪು ಪರೀಕ್ಷೆಗೆ ಕರೆಸಿತು. 2024ರ ಮಾರ್ಚಿನಲ್ಲಿ ಮತ್ತೆ ಸುಮಾರು 16,000 ಕಾರು, ಪಂಪಿನ ಮೋಟರಿನ ದೋಷದಿಂದ ಎಂಜಿನ್ ನಿಲ್ಲಬಹುದು ಅನ್ನುವ ಕಾರಣಕ್ಕೆ. ಅದೇ ವರ್ಷ ಅಕ್ಟೋಬರಿನಲ್ಲಿ ಹೋಂಡಾ 92,672 ಕಾರುಗಳ ಪಂಪು ಬದಲಿಸುವುದಾಗಿ ಹೇಳಿತು. ಕಂಪನಿಗಳು ತಾವಾಗಿ ಮುಂದೆ ಬಂದದ್ದು ಒಳ್ಳೆಯದೇ. ಆದರೆ ತಾವಾಗಿ ಬಾರದಿದ್ದಾಗ ಏನು ಗತಿ?

ಅದಕ್ಕೂ ಕಾನೂನು ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದಾಗ 110ಎ ಸೆಕ್ಷನ್ ಬಂತು. ದೋಷ ಇರುವ ವಾಹನಗಳನ್ನು ವಾಪಸ್ ಕರೆಸಿ ಅಂತ ಕೇಂದ್ರ ಸರ್ಕಾರವೇ ಕಂಪನಿಗೆ ಆದೇಶ ಕೊಡಬಹುದು. 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಯಲ್ಲಿವೆ, 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವೂ ಇದೆ. ಆದರೆ ಒಂದು ಮಾದರಿಯ ಕಾರಿನ ಬಗ್ಗೆ ಇಷ್ಟು ಮಾಲೀಕರಿಂದ ದೂರು ಬರಬೇಕು ಅನ್ನುವ ಲೆಕ್ಕ ಅಲ್ಲಿದೆ. ಕೇಂದ್ರ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ರೀಕಾಲ್ ದೂರು ಕೊಡುವ ಜಾಗ ಇದೆ. ದೂರೇ ಕೊಡದಿದ್ದರೆ ಆ ಸಂಖ್ಯೆ ತುಂಬುವುದು ಹೇಗೆ ಹೇಳಿ!

ನಾವು ಏನು ಮಾಡುತ್ತೇವೆ? ಮುಚ್ಚಿಡುತ್ತೇವೆ. ಆಫ್ ಆಗುವ ಕಾರು ಅಂತ ಊರಿಗೆ ಗೊತ್ತಾದರೆ ಮಾರುವಾಗ ರೇಟು ಸಿಗುವುದಿಲ್ಲ ಅನ್ನುವ ಭಯ. ಪಾಲಿಶ್ ಮಾಡಿಸಿ, ಹೊಸ ಸೀಟ್ ಕವರ್ ಹಾಕಿಸಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟ್ರಯಲ್ ಕೊಟ್ಟು ದಾಟಿಸಿಬಿಡುತ್ತೇವೆ. ತೆಗೆದುಕೊಂಡವರು ಅದರಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪಾಣತ್ತೂರು ದಾಟಿ ಭಾಗಮಂಡಲಕ್ಕೆ ಹೋಗುತ್ತಾರೆ, ಬರುವಾಗ ಆ ಘಾಟಿ ಇಳಿಯುತ್ತಾರೆ. ಬ್ರೇಕಿಗೆ ನಿರ್ವಾತ ಇಲ್ಲದ ಕಾರು ಆ ಇಳಿಜಾರಿನಲ್ಲಿ ಹೇಗೆ ಹೋಗುತ್ತದೆ ಅಂತ ಮಾರಿದವರು ಒಂದು ಸಲ ಯೋಚಿಸಬೇಕು. ಇದನ್ನು ನಾನು ವ್ಯಾಪಾರದ ಜಾಣತನ ಅಂತ ಒಪ್ಪುವುದಿಲ್ಲ.

ಹಾಗಾಗಿ ಆಫ್ ಆದ ಕೂಡಲೇ, ಸುರಕ್ಷಿತ ಜಾಗದಲ್ಲಿ ನಿಂತ ಮೇಲೆ, ಮೊಬೈಲಿನಲ್ಲಿ ಬರೆದಿಡಿ. ತಾರೀಕು, ಹೊತ್ತು, ಜಾಗ, ವೇಗ, ಗೇರು, ಎಸಿ ಇತ್ತಾ, ಟ್ಯಾಂಕಿನಲ್ಲಿ ಎಷ್ಟಿತ್ತು, ಎಷ್ಟು ಹೊತ್ತಿನ ಮೇಲೆ ಸ್ಟಾರ್ಟ್ ಆಯಿತು. ಮೀಟರಿನ ಫೋಟೋ ತೆಗೆಯಿರಿ. ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತನ್ನೇ ಬರೆಸಿ, ಇಲ್ಲದಿದ್ದರೆ ಸಹಿ ಹಾಕಬೇಡಿ. ಬದಲಿಸಿದ ಹಳೆಯ ಪಾರ್ಟನ್ನು ಕೇಳಿ ತೆಗೆದುಕೊಳ್ಳಿ. ಸರಿಯಾಗಿ ಉತ್ತರ ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, 2 ವರ್ಷದೊಳಗೆ ದೂರು ಕೊಡಬೇಕು. ಪೋರ್ಟಲಿನ ರೀಕಾಲ್ ದೂರು ತಯಾರಾಗಿ 7 ವರ್ಷ ದಾಟದ ವಾಹನಗಳಿಗೆ ಮಾತ್ರ, ಹಾಗಾಗಿ ಆರ್‌ಸಿ ತೆಗೆದು ತಯಾರಾದ ತಿಂಗಳು ಯಾವುದು ಅಂತ ಇವತ್ತೇ ನೋಡಿ.

ಪೋರ್ಟಲಿನಲ್ಲಿ ತುಂಬಿಸಲು ಕಷ್ಟವಾಗುವ ಹಿರಿಯರು ನಮ್ಮಲ್ಲಿ ತುಂಬ ಜನ ಇದ್ದಾರೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ನನಗೆ ಮೆಸೇಜ್ ಮಾಡಿ. ಶನಿವಾರ ಮಧ್ಯಾಹ್ನದ ಮೇಲೆ ನಾನು ಮನೆಯಲ್ಲೇ ಇರುತ್ತೇನೆ. ಆರ್‌ಸಿ, ಜಾಬ್ ಕಾರ್ಡ್, ಬಿಲ್ಲು ತನ್ನಿ, ಕೂತು ತುಂಬಿಸೋಣ.