ಕನೆಕ್ಟ್ ಟೈಮ್‌ಔಟ್ ಬೇರೆ, ರೀಡ್ ಟೈಮ್‌ಔಟ್ ಬೇರೆ

ನಿಮ್ಮ ಲೈಬ್ರರಿಗೆ (ಪ್ರೋಗ್ರಾಂಗಳು ಸರ್ವರ್ ಜೊತೆ ಮಾತಾಡಲು ಬಳಸುವ ಸಿದ್ಧ ಕೋಡ್) 30 ಸೆಕೆಂಡಿನ ಒಂದೇ ಟೈಮ್‌ಔಟ್, ಅಂದರೆ ಕಾಯುವ ಮಿತಿ, ಹಾಕಿದರೆ ಸಾಕು ಎಂದು ಬರೆದಿದ್ದೀರಿ. ಟೈಮ್‌ಔಟ್ ಬೇಕೇ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ಒಂದೇ ಸಾಲದು. ಸರ್ವರ್ ಜೊತೆ ಸಂಪರ್ಕ ಆಗಲು ಕಾಯುವ ಮಿತಿ ಕನೆಕ್ಟ್ ಟೈಮ್‌ಔಟ್, ಸಂಪರ್ಕವಾದ ಮೇಲೆ ಉತ್ತರಕ್ಕೆ ಕಾಯುವ ಮಿತಿ ರೀಡ್ ಟೈಮ್‌ಔಟ್.

ಇಲ್ಲಿ ದಾವಣಗೆರೆಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದರಲ್ಲಿ ಬಳಸಿದ್ದು ಪೈಥಾನ್ ಭಾಷೆಯ ರಿಕ್ವೆಸ್ಟ್ಸ್ ಲೈಬ್ರರಿ. ನಾವು ಹೇಳದಿದ್ದರೆ ಅದು ಟೈಮ್‌ಔಟ್ ಹಾಕುವುದೇ ಇಲ್ಲ. ಒಂದು ದಿನ ಸರ್ವರ್ ಸಿಗಲಿಲ್ಲ, ಪರದೆ ಹಾಗೇ ನಿಂತುಬಿಟ್ಟಿತು. ತೂಕ ಮುಗಿಸಿದ ರೈತರು ಸುಮ್ನೆ ಕಾಯಬೇಕಾಯಿತು. ನನಗೆ ತುಂಬಾ ಬೇಜಾರಾಯಿತು.

ನಾವು ಮಿತಿ ಹಾಕದಿದ್ದರೆ ಹಳೆಯ ಲಿನಕ್ಸ್ ಕರ್ನಲ್‌ಗಳು (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸಂಪರ್ಕಕ್ಕಾಗಿ 6 ಸಲ ಮತ್ತೆ ಪ್ರಯತ್ನಿಸುತ್ತವೆ. ಕಾಯುವ ಹೊತ್ತು 1, 2, 4 ಸೆಕೆಂಡ್ ಎಂದು ದುಪ್ಪಟ್ಟಾಗುತ್ತಾ ಒಟ್ಟು 127 ಸೆಕೆಂಡ್ ಆಗುತ್ತದೆ. ಕೌಂಟರ್ ಮುಂದೆ ನಿಂತವರಿಗೆ ಅದು ಜಾಸ್ತಿ, ಅಲ್ವಾ?

ಈಗ ಸಂಪರ್ಕಕ್ಕೆ 3 ಸೆಕೆಂಡ್, ಉತ್ತರಕ್ಕೆ 20 ಸೆಕೆಂಡ್ ಇಟ್ಟಿದ್ದೇನೆ. ಸಂಪರ್ಕವೇ ಆಗದಿದ್ದರೆ ಬಿಲ್ ಆ ಕಡೆ ಹೋಗಿಯೇ ಇರುವುದಿಲ್ಲ, ಧೈರ್ಯವಾಗಿ ಮತ್ತೆ ಕಳಿಸಬಹುದು. ಉತ್ತರ ಬಾರದೆ ಟೈಮ್‌ಔಟ್ ಆದರೆ ಹಾಗಲ್ಲ. ಬಿಲ್ ಅಲ್ಲಿ ದಾಖಲಾಗಿರಬಹುದು. ಮತ್ತೆ ಕಳಿಸಿದರೆ ಒಂದೇ ಚೀಲಕ್ಕೆ ಎರಡು ಬಿಲ್! ಅದಕ್ಕೇ ಪ್ರತಿ ಬಿಲ್ಲಿಗೂ ಒಂದು ಗುರುತಿನ ಸಂಖ್ಯೆ ಜೊತೆಗೆ ಕಳಿಸುತ್ತೇನೆ. ಸರ್ವರ್ ಅದನ್ನು ನೋಡಿ ಎರಡನೆಯದನ್ನು ಕೈಬಿಡುತ್ತದೆ.

ದಯವಿಟ್ಟು ನಿಮ್ಮ ಲೈಬ್ರರಿಯಲ್ಲಿ ಈ ಎರಡು ಟೈಮ್‌ಔಟ್‌ಗಳಿಗೂ ಬೇರೆ ಬೇರೆ ಎರರ್ ಕೊಡಿ.